ಕ್ಲಚ್ ಕೇಬಲ್ ತುಂಡಾಗಿ ಕ್ಲಚ್ ಇಲ್ಲದೆ ಮನೆಗೆ ಬಂದೆ, ಗೇರ್ ಬಾಕ್ಸ್ ಹಾಳಾಗಿರಬಹುದಾ?

ಅಡ್ಕದಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಸಮಯ ಇದ್ದವರು ಓದಿ.

ಕಳೆದ ಶನಿವಾರ ವಿಟ್ಲಕ್ಕೆ ಹೋಗಿ ಅಡಿಕೆ ಕೊಟ್ಟು ವಾಪಸ್ ಬರುತ್ತಿದ್ದೆ. ಕಾರು 2011ರದ್ದು, ಸಣ್ಣ ಪೆಟ್ರೋಲ್ ಗಾಡಿ, ಐದು ಗೇರ್. ಅಡ್ಕಸ್ಥಳ ದಾಟಿ ಪೆರ್ಲದ ಕಡೆಗೆ ಸ್ವಲ್ಪ ಬಂದಿದ್ದೆ ಅಷ್ಟೆ. ಒಂದು ತಿರುವಿನಲ್ಲಿ ಮೂರರಿಂದ ಎರಡಕ್ಕೆ ಹಾಕೋಣ ಅಂತ ಕ್ಲಚ್ ಒತ್ತಿದರೆ 'ಟಕ್' ಅಂತ ಒಂದು ಸದ್ದು, ಪೆಡಲ್ ಸೀದಾ ಹೋಗಿ ನೆಲಕ್ಕೆ ಮಲಗಿತು. ಕಾಲು ತೆಗೆದರೂ ಮೇಲೆ ಬರಲಿಲ್ಲ. ಗಾಬರಿಯಲ್ಲಿ ಬ್ರೇಕ್ ಹಾಕಿದೆ, ಗಾಡಿ ಗಡಗಡ ನಡುಗಿ ಎಂಜಿನ್ ಬಂದ್.

ಮಳೆ ಬೇರೆ. ಹಿಂದಿನ ಸೀಟಿನಲ್ಲಿ ಅಮ್ಮ. ಮೊಬೈಲಿನಲ್ಲಿ ಒಂದು ಕಡ್ಡಿ ಸಿಗ್ನಲ್, ಅದು ಕೇರಳದ್ದೋ ಕರ್ನಾಟಕದ್ದೋ ಅಂತ ಮೊಬೈಲಿಗೇ ಗೊತ್ತಿಲ್ಲ. ಮನೆಗೆ ಇನ್ನೂ 12 ಕಿಲೋಮೀಟರ್. ಪರಿಚಯದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ಮಲಯಾಳದಲ್ಲಿ ಹೇಳಿದ್ದು ಇಷ್ಟೇ: ಎಂಜಿನ್ ಆಫ್ ಇರುವಾಗಲೇ ಒಂದನೇ ಗೇರಿಗೆ ಹಾಕು, ಕೀ ತಿರುಗಿಸು, ಗಾಡಿ ಎಳೆದುಕೊಂಡು ಹೊರಡುತ್ತದೆ, ಆಮೇಲೆ ಎಲ್ಲಿಯೂ ನಿಲ್ಲಿಸಬೇಡ. ಎರಡಕ್ಕೆ ಹೇಗೆ ಹಾಕುವುದು ಅಂತ ಕೇಳುವಷ್ಟರಲ್ಲಿ ಲೈನ್ ಕಟ್.

ಹೇಗೋ ಹೊರಟೆ. ಎರಡನೇ ಗೇರಿಗೆ ಹಾಕುವಾಗ ಮೊದಲ ಸಲ ಕರ್ರ್‌ರ್ ಅಂತ ಎಂಥ ಸದ್ದು ಮಾರಾಯ್ರೆ, ಅಮ್ಮ ಹಿಂದಿನಿಂದ 'ನಿಲ್ಲಿಸು ನಿಲ್ಲಿಸು' ಅಂತ ಕೂಗಿದರು. ನಿಲ್ಲಿಸಲಿಕ್ಕೇ ಆಗದ್ದು ಅಂತ ಅವರಿಗೆ ಹೇಗೆ ಹೇಳುವುದು? ಆಮೇಲೆ ಆಕ್ಸಿಲರೇಟರ್ ಬಿಟ್ಟು ಸ್ವಲ್ಪ ಕಾದು ತಳ್ಳಿದರೆ ಸಲೀಸಾಗಿ ಹೋಗುತ್ತದೆ ಅಂತ ಗೊತ್ತಾಯಿತು. ಮೂರನೆಯದಕ್ಕೆ ಬರುವಾಗ ಸದ್ದೇ ಇಲ್ಲ. ಒಟ್ಟು ನಾಲ್ಕೈದು ಸಲ ಕರ್ರ್ ಅಂದಿರಬೇಕು. ಮನೆ ಮುಟ್ಟಿದೆ.

ಕೇಬಲ್ ಇನ್ನೂ ಹಾಕಿಸಿಲ್ಲ, ನಾಡಿದ್ದು ಬರುತ್ತೇನೆ ಅಂದಿದ್ದಾರೆ. ನನ್ನ ಪ್ರಶ್ನೆ, ಆ ನಾಲ್ಕೈದು ಸಲದ ಸದ್ದಿಗೆ ಒಳಗೆ ಏನಾದರೂ ಒಡೆದಿರಬಹುದಾ? ನೋಡುವುದು ಹೇಗೆ?

ಇನ್ನೊಂದು, ಇದು ತಮ್ಮನ ವಿಷಯ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಲೈಸೆನ್ಸ್ ಸಿಕ್ಕಿ ಆರು ತಿಂಗಳು. ನನ್ನ ಕಥೆ ಕೇಳಿದ ಮೇಲೆ ಅವನಿಗೆ ಹುರುಪು ಜಾಸ್ತಿಯಾಗಿದೆ. ಯೂಟ್ಯೂಬ್ ನೋಡಿಕೊಂಡು, ಕೇಬಲ್ ಸರಿಯಾದ ಮೇಲೆ ದಿನಾ ಹೀಗೇ ಓಡಿಸೋಣ, ಕ್ಲಚ್ ಪ್ಲೇಟ್ ಸವೆಯುವುದು ಉಳಿಯುತ್ತದೆ ಅನ್ನುತ್ತಾನೆ. ಅವನು ಹೇಳುವುದರಲ್ಲಿ ಹುರುಳು ಉಂಟಾ?

ಕೆಂಪುಕಲ್ಲು ಲಾರಿ:

ತಮ್ಮಾ, ಹೆದರಬೇಡ. ನಾಲ್ಕು ಸಲ ಕರ್ರ್ ಅಂದರೆ ಗೇರ್ ಬಾಕ್ಸ್ ಸಾಯುವುದಿಲ್ಲ. ನಾನು ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವನು, ಅದರಲ್ಲಿ ಅರ್ಧ ಕೆಂಪುಕಲ್ಲು ಸಾಗಿಸಿದ್ದು, ಉಳಿದದ್ದು ಶಿರಾಡಿ ಘಾಟಿ ಹತ್ತಿ ಇಳಿದದ್ದು. ನಾವು ಕಲಿಯುವಾಗ ಲಾರಿಯ ಗೇರ್ ಬಾಕ್ಸಿನಲ್ಲಿ ವೇಗ ತಾನಾಗಿ ಸಮ ಮಾಡಿಕೊಡುವ ಸಿಂಕ್ರೋ ಗಿಂಕ್ರೋ ಇರಲಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಆಕ್ಸಿಲರೇಟರ್‌ಗೆ ಒಂದು ಸಣ್ಣ ಒತ್ತು, ಪುನಃ ಕ್ಲಚ್ ಒತ್ತಿ ಕೆಳಗಿನ ಗೇರ್. ಡಬಲ್ ಕ್ಲಚ್ ಅಂತ ಅದಕ್ಕೆ. ಎಂಜಿನ್ ಸದ್ದು ಕಿವಿಗೆ ಹತ್ತಿದ ಮೇಲೆ ಕ್ಲಚ್ಚೇ ಬೇಡ, ಎರಡು ಬೆರಳಿನಲ್ಲಿ ಗೇರ್ ಬೀಳುತ್ತಿತ್ತು. ನನ್ನ ಗುರುಗಳು ಮೈತುಂಬಾ ಲೋಡ್ ಇದ್ದ ಗಾಡಿಯನ್ನು ಬೀಡಿ ಸೇದುತ್ತಾ ಹಾಗೆ ಓಡಿಸುತ್ತಿದ್ದರು.

ಈಗಿನ ಮಕ್ಕಳಿಗೆ ಕಿವಿ ಇಲ್ಲ, ಮೀಟರ್ ಬೇಕು. ನಿನ್ನ ತಮ್ಮ ಕಲಿಯಲಿ. ಒಳ್ಳೆಯ ವಿದ್ಯೆ.

ಕುಂಬಳೆ ಗ್ಯಾರೇಜ್:

ಮೇಲಿನ ಅಣ್ಣನ ಅನುಭವಕ್ಕೆ ನಮಸ್ಕಾರ, ಆದರೆ ಕೊನೆಯ ಮಾತು ಒಪ್ಪುವುದಿಲ್ಲ. ಲಾರಿಯ ಬುದ್ಧಿ ಕಾರಿಗೆ ಹೇಳಬೇಡಿ ದಯವಿಟ್ಟು. ಹಾಗೆ ಹೇಳಿದ್ದು ಕೇಳಿದವರ ಗೇರ್ ಬಾಕ್ಸ್ ಬಿಚ್ಚುವವನು ನಾನು.

ಮೊದಲು ಅಡ್ಕದಮನೆಯವರಿಗೆ. ಕ್ಲಚ್ ಪೆಡಲ್ ಒತ್ತದೇ ಇರುವಾಗ ಎಂಜಿನ್ನೂ ಗೇರ್ ಬಾಕ್ಸೂ ಅಂಟಿಕೊಂಡೇ ಇರುತ್ತವೆ. ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ, ಅಂದರೆ ಎಂಜಿನ್ನಿನ ತುದಿಯ ಭಾರದ ಚಕ್ರಕ್ಕೆ, ಒತ್ತಿ ಹಿಡಿದಿರುತ್ತದೆ. ಕೇಬಲ್‌ಗೆ ಇರುವ ಕೆಲಸ ಅದನ್ನು ಬಿಡಿಸುವುದು ಮಾತ್ರ. ಹಾಗಾಗಿ ಕೇಬಲ್ ಹೋದರೂ ಗಾಡಿ ಓಡುತ್ತದೆ, ಬಿಡಿಸಲಿಕ್ಕೆ ಆಗುವುದಿಲ್ಲ ಅಷ್ಟೆ. ಬ್ರೇಕ್ ಹಾಕಿದಾಗ ಗಡಗಡ ಅಂದು ಬಂದ್ ಆದದ್ದು ಅದಕ್ಕೇ.

ಈಗ ಆ ಕರ್ರ್. ಕಾರಿನ ಗೇರ್ ಬಾಕ್ಸಿನಲ್ಲಿ ಮುಂದಿನ ಗೇರುಗಳೆಲ್ಲ ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನೀವು ಲಿವರ್ ತಳ್ಳಿದಾಗ ಒಂದು ಸ್ಲೀವ್ ಸರಿದು ಹೋಗಿ ಬೇಕಾದ ಗೇರಿನ ಬದಿಯ ಸಣ್ಣ ಹಲ್ಲುಗಳಿಗೆ ಸಿಕ್ಕಿಕೊಳ್ಳುತ್ತದೆ. ಸ್ಲೀವ್ ತಿರುಗುವುದು ಚಕ್ರದ ವೇಗಕ್ಕೆ, ಗೇರ್ ತಿರುಗುವುದು ಎಂಜಿನ್ ಕಡೆಯ ವೇಗಕ್ಕೆ. ಎರಡೂ ಸರಿಸಮ ಆಗದೆ ಸಿಕ್ಕಿಕೊಳ್ಳಬಾರದು. ಅದಕ್ಕೇ ನಡುವೆ ಒಂದು ಹಿತ್ತಾಳೆಯ ರಿಂಗ್ ಇಟ್ಟಿರುತ್ತಾರೆ, ಸಿಂಕ್ರೋ ರಿಂಗ್. ಅದು ಗೇರಿನ ಕೋನ್‌ಗೆ ಉಜ್ಜಿ ವೇಗವನ್ನು ಸಮ ಮಾಡುತ್ತದೆ, ಸಮ ಆಗುವ ತನಕ ಸ್ಲೀವನ್ನು ಒಳಗೆ ಬಿಡುವುದಿಲ್ಲ.

ಕ್ಲಚ್ ಒತ್ತಿದ್ದರೆ ಆ ರಿಂಗ್ ನಿಧಾನ ಮಾಡಬೇಕಾದ್ದು ಕ್ಲಚ್ ಪ್ಲೇಟ್, ಒಂದು ಶಾಫ್ಟ್, ಕೆಲವು ಗೇರ್. ಹಗುರ. ಕ್ಲಚ್ ಒತ್ತದಿದ್ದರೆ ಫ್ಲೈವೀಲ್, ಕ್ರ್ಯಾಂಕ್, ಪಿಸ್ಟನ್ ಎಲ್ಲ ಸೇರಿ ಇಡೀ ಎಂಜಿನ್ನನ್ನು ಆ ಬಳೆಯಷ್ಟು ದೊಡ್ಡ ರಿಂಗ್ ಎಳೆದು ನಿಲ್ಲಿಸಬೇಕು. ಎಷ್ಟು ದಿನ ತಡೆದೀತು ಹೇಳಿ? ರಿಂಗ್ ಸವೆದ ಮೇಲೆ ಕ್ಲಚ್ ಒತ್ತಿದರೂ ಕರ್ರ್ ಅನ್ನುತ್ತದೆ. ಎರಡನೇ ಗೇರಿನದ್ದು ಮೊದಲು ಹೋಗುವುದು ನಾನು ಹೆಚ್ಚಾಗಿ ನೋಡಿದ್ದೇನೆ.

ನಿಮ್ಮ ನಾಲ್ಕೈದು ಸಲಕ್ಕೆ ಏನೂ ಆಗಿರಲಿಕ್ಕಿಲ್ಲ. ಆದರೂ ಸಮಾಧಾನಕ್ಕೆ, ಕೇಬಲ್ ಹಾಕಿದ ಮೇಲೆ ಎರಡು ವಿಷಯ ನೋಡಿ. ಪ್ರತಿ ಗೇರೂ ಸದ್ದಿಲ್ಲದೆ ಬೀಳುತ್ತದಾ, ಮುಖ್ಯವಾಗಿ ಮೂರರಿಂದ ಎರಡಕ್ಕೆ. ಮತ್ತೆ ಗೇರ್ ಹಾಕಿದ್ದು ಆಕ್ಸಿಲರೇಟರ್ ಬಿಟ್ಟಾಗ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತದಾ. ಎರಡೂ ಸರಿ ಇದ್ದರೆ ಬಿಟ್ಟುಬಿಡಿ. ಗೇರ್ ಆಯಿಲ್ ಹೇಗೂ ಬದಲಿಸುವ ಸಮಯ ಆಗಿದ್ದರೆ ಇಳಿಸಿ ಬಿಳಿ ಬಟ್ಟೆಯ ಮೇಲೆ ಹಾಕಿ ನೋಡಿ. ಚಿನ್ನದ ಪುಡಿ ಹಾಗೆ ಸಣ್ಣಗೆ ಮಿಂಚಿದರೆ ಅದು ಸಿಂಕ್ರೋದ ಹಿತ್ತಾಳೆ, ಹಳೇ ಗಾಡಿಯಲ್ಲಿ ಸ್ವಲ್ಪ ಇದ್ದೇ ಇರುತ್ತದೆ. ಕಬ್ಬಿಣದ ಚೂರು ಕೈಗೆ ಸಿಕ್ಕಿದರೆ ಮಾತ್ರ ಚಿಂತೆ ಮಾಡಿ.

ತಮ್ಮನ ಲೆಕ್ಕಕ್ಕೆ ಬರುತ್ತೇನೆ. ಕ್ಲಚ್ ಪ್ಲೇಟ್ ಸವೆಯುವುದು ಜಾರುವಾಗ. ಜಾಸ್ತಿ ಜಾರುವುದು ಯಾವಾಗ? ನಿಂತ ಗಾಡಿ ಹೊರಡುವಾಗ, ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಲ್ಲಿಸಿದಾಗ, ತಲಪಾಡಿ ಟೋಲ್ ಗೇಟಿನ ಸಾಲಿನಲ್ಲಿ ಇಂಚಿಂಚೇ ಮುಂದೆ ಹೋಗುವಾಗ. ಓಡುತ್ತಿರುವ ಗಾಡಿಯಲ್ಲಿ ಮೂರರಿಂದ ನಾಲ್ಕಕ್ಕೆ ಹಾಕಿದರೆ ಅದು ಜಾರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಲ್ಲಿ ಉಳಿಸಲಿಕ್ಕೆ ಏನೂ ಇಲ್ಲ. ಹೊರಡುವಾಗ ಹೇಗೂ ಅವನು ಕ್ಲಚ್ ಒತ್ತಲೇಬೇಕು, ದಿನಾ ಸ್ಟಾರ್ಟರ್‌ನಲ್ಲಿ ಗಾಡಿ ಎಳೆಸುತ್ತಾನಾ? ಅಂದರೆ ಕ್ಲಚ್ ಸವೆಯುವ ಜಾಗದಲ್ಲಿ ಸವೆಸಿ, ಸವೆಯದ ಜಾಗದಲ್ಲಿ ಉಳಿಸಿ, ಅದಕ್ಕಾಗಿ ಸಿಂಕ್ರೋ ಕೊಲ್ಲುವುದು. ಕ್ಲಚ್ ಪ್ಲೇಟ್ ಹಾಕಲಿಕ್ಕೆ ಗೇರ್ ಬಾಕ್ಸ್ ಇಳಿಸಿದರೆ ಸಾಕು. ಸಿಂಕ್ರೋ ಹಾಕಲಿಕ್ಕೆ ಇಳಿಸಿ, ಒಡೆದು, ಪೂರ್ತಿ ಬಿಚ್ಚಬೇಕು. ಯಾವುದು ದುಬಾರಿ ಅಂತ ಇಂಜಿನಿಯರಿಂಗ್ ಓದುವವನಿಗೆ ಹೇಳಬೇಕಾ?

ಕೇಬಲ್‌ಗೆ ಕೆಲವು ನೂರು ರೂಪಾಯಿ. ಪೆಡಲ್ ಗಟ್ಟಿಯಾಗುತ್ತಾ ಬಂದರೆ, ಒತ್ತುವಾಗ ಕಿರಿಕಿರಿ ಸದ್ದು ಬಂದರೆ, ಕ್ಲಚ್ ಹಿಡಿಯುವ ಜಾಗ ದಿನಕ್ಕೊಂದು ಕಡೆ ಇದ್ದರೆ, ಒಳಗೆ ಎಳೆಗಳು ಒಂದೊಂದಾಗಿ ಹರಿಯುತ್ತಾ ಇವೆ ಅಂತ ಅರ್ಥ. ನಿಮಗೆ ಖಂಡಿತ ಮೊದಲೇ ಸೂಚನೆ ಸಿಕ್ಕಿರಬೇಕು, ನೆನಪು ಮಾಡಿ ನೋಡಿ.

ನೀರ್ಚಾಲು ಟೀಚರ್:

ನನ್ನದೊಂದು ದಡ್ಡ ಪ್ರಶ್ನೆ, ನಗಬೇಡಿ. ನನ್ನ ಕಾರು ಎಎಂಟಿ, ಗೇರ್ ತಾನಾಗಿ ಬದಲಾಗುವಂಥದ್ದು. ದಿನಾ ಶಾಲೆಗೆ ಹೋಗಿ ಬರುತ್ತೇನೆ. ಅದರಲ್ಲಿ ಕ್ಲಚ್ಚೇ ಇಲ್ಲವಲ್ಲ, ಹಾಗಾದರೆ ಅದರ ಸಿಂಕ್ರೋ ಬೇಗ ಹಾಳಾಗಬೇಕಲ್ವಾ?

ಕುಂಬಳೆ ಗ್ಯಾರೇಜ್:

ದಡ್ಡ ಪ್ರಶ್ನೆ ಅಲ್ಲ ಅಕ್ಕ, ತುಂಬಾ ಜನ ಹಾಗೇ ತಿಳಿದಿದ್ದಾರೆ. ನಿಮ್ಮ ಕಾರಿನಲ್ಲಿ ಇಲ್ಲದೇ ಇರುವುದು ಕ್ಲಚ್ ಪೆಡಲ್, ಕ್ಲಚ್ ಅಲ್ಲ. ಗೇರ್ ಬಾಕ್ಸ್ ಮಾಮೂಲು ಮ್ಯಾನುವಲ್ ಗಾಡಿಯದ್ದೇ. ನಿಮ್ಮ ಎಡಗಾಲಿನ ಮತ್ತು ಎಡಗೈಯ ಕೆಲಸವನ್ನು ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ತಲೆ ತೂಗಿದ ಹಾಗೆ ಆಗುತ್ತದಲ್ಲ, ಆ ಕ್ಷಣದಲ್ಲಿ ಒಳಗೆ ಕ್ಲಚ್ ಬಿಟ್ಟು ಹಿಡಿಯುತ್ತಾ ಇರುತ್ತದೆ. ನಮ್ಮ ದೇಶದ ಸಾಮಾನ್ಯ ಕಾರುಗಳಿಗೆ ಅದು ಬಂದದ್ದು 2014ರಲ್ಲಿ, ಮಾರುತಿ ಸೆಲೆರಿಯೊದಲ್ಲಿ. 2020ರಲ್ಲಿ ಹ್ಯುಂಡೈ ವೆನ್ಯೂವಿನಲ್ಲಿ ಐಎಂಟಿ ಅಂತ ಇನ್ನೊಂದು ಬಂತು, ಅದರಲ್ಲಿ ಗೇರ್ ಲಿವರ್ ನೀವೇ ಹಾಕಬೇಕು, ಕ್ಲಚ್ ಮಾತ್ರ ತಾನೇ ಬಿಡುತ್ತದೆ. ಎರಡರಲ್ಲೂ ಕ್ಲಚ್ ಉಂಟು, ಪ್ಲೇಟೂ ಸವೆಯುತ್ತದೆ. ಏರಿನಲ್ಲಿ ಬ್ರೇಕ್ ಬಿಟ್ಟು ಬರೀ ಆಕ್ಸಿಲರೇಟರ್‌ನಲ್ಲಿ ಗಾಡಿ ನಿಲ್ಲಿಸಿ ಹಿಡಿಯಬೇಡಿ, ಅಷ್ಟೇ.

ಉಪ್ಪಳ ಎಚ್ ಮಾಷ್ಟ್ರು:

ನಾನು ಡ್ರೈವಿಂಗ್ ಕಲಿಸುವವ. ಕೇರಳದ ಲೈಸೆನ್ಸ್ ಟೆಸ್ಟಿಗೆ ಎಚ್ ಅಕ್ಷರದ ಆಕಾರದಲ್ಲಿ ಗಾಡಿ ಓಡಿಸುವ 'ಎಚ್' ಹಾಕಿಸಿ ಹಾಕಿಸಿ ಬೆನ್ನು ಬಾಗಿದೆ. ಎಲ್ಲರೂ ಗೇರ್ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಕಂಡ ಹಾಗೆ ಕೇಬಲ್ ತುಂಡಾದಾಗ ಗೇರ್ ಬದಲಿಸುವುದಲ್ಲ ಕಷ್ಟ, ನಿಲ್ಲಿಸುವುದು ಮತ್ತು ಪುನಃ ಹೊರಡುವುದು.

ನಿಲ್ಲಿಸಬೇಕಾದರೆ ಗಾಡಿ ಇನ್ನೂ ಓಡುತ್ತಾ ಇರುವಾಗಲೇ ನ್ಯೂಟ್ರಲ್‌ಗೆ ತನ್ನಿ. ಆಕ್ಸಿಲರೇಟರ್ ಒತ್ತಿದ್ದರೆ ಎಂಜಿನ್ ಚಕ್ರವನ್ನು ತಳ್ಳುತ್ತಿರುತ್ತದೆ, ಪೂರ್ತಿ ಬಿಟ್ಟರೆ ಚಕ್ರ ಎಂಜಿನ್ನನ್ನು ತಳ್ಳುತ್ತದೆ. ಎರಡರಲ್ಲೂ ಗೇರಿನ ಹಲ್ಲು ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಇವೆರಡರ ನಡುವೆ ಯಾರೂ ಯಾರನ್ನೂ ತಳ್ಳದ ಒಂದು ಗಳಿಗೆ ಉಂಟು. ಲಿವರ್ ಮೇಲೆ ಸುಮ್ನೆ ಕೈ ಇಟ್ಟು ಹಗುರವಾಗಿ ಎಳೆಯುತ್ತಾ ಆಕ್ಸಿಲರೇಟರ್‌ನಿಂದ ಮೆಲ್ಲ ಕಾಲು ಎತ್ತಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ಕಿತ್ತರೆ ಬರುವುದಿಲ್ಲ.

ಮೇಲಿನ ಗೇರಿಗೆ ಹಾಕುವುದಕ್ಕಿಂತ ಕೆಳಗಿನದಕ್ಕೆ ತರುವುದು ಯಾಕೆ ಕಷ್ಟ ಅಂತ ಒಂದು ಲೆಕ್ಕ ಹೇಳುತ್ತೇನೆ, ತಮ್ಮನಿಗೂ ತೋರಿಸಿ. ಒಂದು ಕಾರಿನ ಎರಡನೇ ಗೇರಿನ ಅನುಪಾತ 1.9, ಮೂರನೆಯದ್ದು 1.3 ಅಂತ ಇಟ್ಟುಕೊಳ್ಳಿ. ಎರಡರಲ್ಲಿ ಎಂಜಿನ್ ನಿಮಿಷಕ್ಕೆ 2400 ಸುತ್ತು ಓಡುತ್ತಿದ್ದರೆ ಅದೇ ವೇಗದಲ್ಲಿ ಮೂರಕ್ಕೆ ಬೇಕಾದ್ದು ಸುಮಾರು 1640. ನ್ಯೂಟ್ರಲ್‌ಗೆ ಬಂದು ಕಾದರೆ ಸಾಕು, ಎಂಜಿನ್ ತಾನಾಗಿ ಇಳಿದು 1640 ದಾಟಿಯೇ ಹೋಗುತ್ತದೆ, ದಾಟುವ ಹೊತ್ತಿಗೆ ಗೇರ್ ಬೀಳುತ್ತದೆ. ತಿರುಗಿಸಿ ನೋಡಿ. ಮೂರರಿಂದ ಎರಡಕ್ಕೆ ಬರಬೇಕಾದರೆ 1640ರಲ್ಲಿ ಇರುವ ಎಂಜಿನ್ನನ್ನು ನೀವೇ 2400ಕ್ಕೆ ಏರಿಸಬೇಕು. ಕಾದರೆ ಇನ್ನೂ ದೂರ ಹೋಗುತ್ತದೆ. ಅಡ್ಕದಮನೆಯವರ ಕಾರಿನಲ್ಲಿ ಆರ್‌ಪಿಎಂ ಮೀಟರ್ ಬೇರೆ ಇರಲಿಕ್ಕಿಲ್ಲ.

ಅಪಾಯ ಇರುವುದೂ ಇಲ್ಲೇ. ಬಂದಡ್ಕ, ಪಾಣತ್ತೂರು ಕಡೆಯ ಇಳಿಜಾರಿನಲ್ಲಿ ಎರಡಕ್ಕೆ ತರಲು ಹೋಗಿ ಗೇರ್ ಬೀಳದೆ ನ್ಯೂಟ್ರಲ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಎಂಜಿನ್ನಿನ ಹಿಡಿತ ಹೋಯಿತು, ಇಡೀ ಗಾಡಿಯ ಭಾರ ಬ್ರೇಕಿನ ಮೇಲೆ. ಅದಕ್ಕೆ ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿನಲ್ಲಿ ಇರಬೇಕು, ಮಧ್ಯದಲ್ಲಿ ಮುಟ್ಟಬಾರದು.

ಸ್ಟಾರ್ಟರ್‌ನಲ್ಲಿ ಹೊರಡುವುದು ಸಮತಟ್ಟು ಜಾಗದಲ್ಲಿ ಒಂದೆರಡು ಸಲಕ್ಕೆ ಸರಿ. ಸ್ಟಾರ್ಟರ್ ಮೋಟರ್ ಇರುವುದು ಎಂಜಿನ್ ತಿರುಗಿಸಲಿಕ್ಕೆ, ಗಾಡಿ ಎಳೆಯಲಿಕ್ಕಲ್ಲ. ಏರಿನಲ್ಲಿ ಪ್ರಯತ್ನ ಮಾಡಬೇಡಿ. ಮುಂದೆ ಜನ ಇದ್ದರೆ ಕೀ ಮುಟ್ಟಲೇಬೇಡಿ, ತಿರುಗಿಸಿದ ಕೂಡಲೇ ಗಾಡಿ ಹಾರುತ್ತದೆ. ಕೆಲವು ಕಾರುಗಳಲ್ಲಿ ಕ್ಲಚ್ ಒತ್ತದೆ ಸ್ಟಾರ್ಟರ್ ತಿರುಗುವುದಿಲ್ಲ, ಅಂಥದ್ದರಲ್ಲಿ ಸತ್ತ ಪೆಡಲನ್ನೂ ಕಾಲಿನಿಂದ ಒತ್ತಿ ಹಿಡಿಯಬೇಕು, ಅಲ್ಲಿರುವ ಸ್ವಿಚ್‌ಗೆ ಕೇಬಲ್ ತುಂಡಾದದ್ದು ಗೊತ್ತಿರುವುದಿಲ್ಲ.

ಕೇಬಲ್ ಇಲ್ಲದೆ ಎಣ್ಣೆಯಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಇದ್ದವರು ಪೆಡಲ್ ನೆಲಕ್ಕೆ ಹೋದರೆ ನಾಲ್ಕೈದು ಸಲ ಪಂಪ್ ಮಾಡಿ ನೋಡಿ, ಒಮ್ಮೊಮ್ಮೆ ಮನೆ ಮುಟ್ಟುವಷ್ಟು ಜೀವ ಬರುತ್ತದೆ. ಬ್ರೇಕ್ ಆಯಿಲ್ ಡಬ್ಬಿಯನ್ನೂ ನೋಡಿ, ಎಷ್ಟೋ ಕಾರುಗಳಲ್ಲಿ ಎರಡಕ್ಕೂ ಒಂದೇ ಡಬ್ಬಿ.

ಕೊನೆಗೆ ನಿಮ್ಮ ತಮ್ಮನ ಬಗ್ಗೆ. ಕ್ಲಚ್ ಉಳಿಸಬೇಕು ಅಂತ ಅಷ್ಟು ಆಸೆ ಇದ್ದರೆ ಒಂದು ದಿನ ಅವನ ಪಕ್ಕದಲ್ಲಿ ಕೂತು ಎಡಗಾಲು ಎಲ್ಲಿ ಇಟ್ಟುಕೊಳ್ಳುತ್ತಾನೆ ನೋಡಿ. ಗೇರ್ ನೋಡಬೇಡಿ, ಕಾಲು ನೋಡಿ.

ಕೆಂಪುಕಲ್ಲು ಲಾರಿ:

ಗ್ಯಾರೇಜಿನವರು ಬೈದದ್ದು ಓದಿದೆ. ಸರಿ, ಒಪ್ಪಿದೆ ಅರ್ಧ. ನಮ್ಮ ಗಾಡಿಯ ಗೇರಿನ ಹಲ್ಲು ಹೆಬ್ಬೆರಳಿನಷ್ಟು ದಪ್ಪ, ಕಾರಿನದ್ದು ಅಕ್ಕಿಕಾಳು, ಅದು ನಿಜ. ಮತ್ತೆ ನಮ್ಮದರಲ್ಲಿ ಸವೆಯಲಿಕ್ಕೆ ಹಿತ್ತಾಳೆ ರಿಂಗೇ ಇರಲಿಲ್ಲವಲ್ಲ. ನನ್ನ ಮಗ ದುಬೈಯಲ್ಲಿ ಟ್ರೇಲರ್ ಓಡಿಸುತ್ತಾನೆ, ಅವನು ಹೇಳಿದ್ದು, ಅಮೆರಿಕದ ದೊಡ್ಡ ಟ್ರಕ್ಕುಗಳಲ್ಲಿ ಈಗಲೂ ಸಿಂಕ್ರೋ ಇಲ್ಲದ ಬಾಕ್ಸ್ ಉಂಟಂತೆ, ಅಲ್ಲಿಯ ಡ್ರೈವರುಗಳು ಹೊರಡುವಾಗ ನಿಲ್ಲಿಸುವಾಗ ಮಾತ್ರ ಕ್ಲಚ್ ಒತ್ತುವುದಂತೆ. ಹುಡುಗ ನೋಡಿದ ವಿಡಿಯೋ ಅಂಥದ್ದೇ ಇರಬೇಕು.

ಕಾರಿನವರಿಗೂ ಒಂದು ಕಾಲದಲ್ಲಿ ಇದು ಗೊತ್ತಿತ್ತು. ಹಳೇ ಅಂಬಾಸಡರ್‌ನಲ್ಲಿ ಒಂದನೇ ಗೇರಿಗೆ ಸಿಂಕ್ರೋ ಇರಲಿಲ್ಲ, ಗಾಡಿ ಪೂರ್ತಿ ನಿಲ್ಲದೆ ಒಂದಕ್ಕೆ ಹಾಕಿದರೆ ಊರಿಗೆಲ್ಲ ಕೇಳುತ್ತಿತ್ತು.

ಕುಂಬಳೆ ಗ್ಯಾರೇಜ್:

ಈಗಲೂ ರಿವರ್ಸ್ ಗೇರಿಗೆ ಎಷ್ಟೋ ಕಾರುಗಳಲ್ಲಿ ಸಿಂಕ್ರೋ ಇಲ್ಲ ಅಣ್ಣ. ಗಾಡಿ ನಿಲ್ಲುವ ಮೊದಲೇ ರಿವರ್ಸ್ ಹಾಕಿ ಕರ್ರ್ ಅನ್ನಿಸುವವರು ದಿನಾ ನಾಲ್ಕು ಜನ ನನ್ನ ಗ್ಯಾರೇಜ್ ಅಂಗಳದಲ್ಲೇ ಸಿಗುತ್ತಾರೆ. ಸಿಂಕ್ರೋ ಮೊದಲು ಬಂದದ್ದು ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ, 1928ರಲ್ಲಿ. ನೂರು ವರ್ಷ ಆಗುತ್ತಾ ಬಂತು. ಅದನ್ನು ಕಂಡುಹಿಡಿದದ್ದೇ ನಿಮ್ಮ ಗುರುಗಳ ಹಾಗೆ ಕಿವಿ ಇಲ್ಲದ ನಮ್ಮಂಥವರಿಗೋಸ್ಕರ ಅಲ್ವಾ.

ಕೆಂಪುಕಲ್ಲು ಲಾರಿ:

ಹಾಗೆ ಹೇಳಿದ್ದು ಸರಿ. ಆ ಕಡೆ ಬಂದಾಗ ಗ್ಯಾರೇಜಿಗೆ ಬರುತ್ತೇನೆ, ಚಹಾ ತರಿಸಿ ಇಡಿ.

ಅಡ್ಕದಮನೆ:

ಎಲ್ಲರಿಗೂ ಧನ್ಯವಾದ. ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ.

ಕೇಬಲ್ ಹಾಕಿಸಿ ಆಯಿತು. ಹಳೆಯದರ ತುದಿ ನೋಡಿದರೆ ಪೊರಕೆ ಹಾಗೆ ಬಿಚ್ಚಿಕೊಂಡಿತ್ತು. ಮೂರು ತಿಂಗಳಿನಿಂದ ಪೆಡಲ್ ಗಟ್ಟಿ ಅಂತ ಅಮ್ಮನಿಗೆ ಹೇಳುತ್ತಲೇ ಇದ್ದೆ, ಮೆಕ್ಯಾನಿಕ್‌ಗೆ ಹೇಳಿರಲಿಲ್ಲ. ಗೇರ್ ಎಲ್ಲ ಸದ್ದಿಲ್ಲದೆ ಬೀಳುತ್ತಿವೆ. ಗೇರ್ ಆಯಿಲ್ ಹೇಗೂ ಕಪ್ಪಾಗಿತ್ತು, ಇಳಿಸಿದೆವು. ಅಮ್ಮನ ಹಳೇ ಬಿಳಿ ಸೀರೆಯ ಚೂರಿನ ಮೇಲೆ ಹಾಕಿ ನೋಡಿದರೆ ಸ್ವಲ್ಪ ಮಿಂಚು ಉಂಟು, ಚೂರು ಗೀರು ಇಲ್ಲ.

ಭಾನುವಾರ ತಮ್ಮನ ಪಕ್ಕದಲ್ಲಿ ಕೂತು ಬದಿಯಡ್ಕದಿಂದ ಸೀತಾಂಗೋಳಿ ದಾರಿಯಲ್ಲಿ ಕುಂಬಳೆ ತನಕ ಹೋದೆ. ಮಾಷ್ಟ್ರು ಹೇಳಿದ ಹಾಗೆ ಕಾಲು ನೋಡುತ್ತಾ ಕೂತೆ. ಎಡಗಾಲು ಇಡೀ ದಾರಿ ಕ್ಲಚ್ ಮೇಲೆಯೇ. ಏರಿನಲ್ಲಿ ಬಸ್ಸಿನ ಹಿಂದೆ ನಿಂತಾಗ ಹ್ಯಾಂಡ್ ಬ್ರೇಕ್ ಮುಟ್ಟಲಿಲ್ಲ, ಹಾಫ್ ಕ್ಲಚ್‌ನಲ್ಲೇ ತೂಗಿಸುತ್ತಾ ನಿಂತ. ಇದನ್ನು ಹೇಳಿದ್ದಕ್ಕೆ 'ಎಲ್ಲರೂ ಹಾಗೇ ಇಡುವುದು' ಅಂದ. ಆಮೇಲೆ ಈ ಮೇಲಿನದ್ದೆಲ್ಲ ಮೊಬೈಲಿನಲ್ಲಿ ಓದಲು ಕೊಟ್ಟೆ. 1640, 2400 ಲೆಕ್ಕ ಮಾತ್ರ ಎರಡು ಸಲ ಓದಿದ. ವಾಪಸ್ ಬರುವಾಗ ಕಾಲು ನೆಲದ ಮೇಲೆ ಇತ್ತು, ಸೀತಾಂಗೋಳಿ ಮುಟ್ಟುವ ತನಕ.

ಇನ್ನೊಂದು ಹೊಸ ಕೇಬಲ್ ತಂದು ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಹಳೆಯದನ್ನು ಎಸೆಯುತ್ತೇನೆ ಅಂದರೆ ಅಪ್ಪ ಬಿಡಲಿಲ್ಲ, ಅದರಲ್ಲಿ ತೋಟದ ಗೇಟು ಕಟ್ಟಿದ್ದಾರೆ.